ಮಿರ್ತಾಲೆಯ ಬಲಗೈ

ಕೊರಿಂತಿನ ಕುಂಬಾರಗೇರಿಯಲ್ಲಿ ಮಿರ್ತಾಲೆ ಅಜ್ಜಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ವೈದ್ಯದೇವ ಅಸ್ಕ್ಲೇಪಿಯೋಸನಿಗೆ ಹರಕೆ ಒಪ್ಪಿಸುವವರು ತಮಗೆ ನೋಯುವ ಅಂಗದಂತೆ ಮಾಡಿದ ಮಣ್ಣಿನ ಕೈ, ಕಾಲು, ಕಿವಿ, ಮೊಲೆಗಳನ್ನು ಅವಳ ಹತ್ತಿರವೇ ಕೊಳ್ಳುತ್ತಿದ್ದರು. ಹೆರಿಗೆಯಾದ ಮೇಲೆ ನನ್ನ ಎದೆ ಕಲ್ಲುಗಟ್ಟಿದಾಗ ನನಗೂ ಅವಳೇ ಮಾಡಿಕೊಟ್ಟಿದ್ದಳು. ಹಡಗಿನಲ್ಲಿ ಹೋದ ಅವಳ ಗಂಡ ತಿರುಗಿ ಬರಲಿಲ್ಲ, ಮಕ್ಕಳಿರಲಿಲ್ಲ. ಕೈಯ ಅಚ್ಚಿಗೆ ಇನ್ಯಾರನ್ನು ಕರೆಯುವುದೆಂದು ಎಳೆವಯಸ್ಸಿನಲ್ಲೇ ತನ್ನ ಬಲಗೈಯನ್ನು ಹಸಿಮಣ್ಣಿಗೆ ಒತ್ತಿ ಅಚ್ಚು ತೆಗೆದಿದ್ದಳು. ಅವಳು ಮಾರುವ ಕೈಗಳೆಲ್ಲ ಆ ಅಚ್ಚಿನವೇ.

ಈ ಚಳಿಗಾಲ ಅವಳ ಆ ಬಲಗೈಯ ಗೆಣ್ಣುಗಳೇ ಊದಿಕೊಂಡವು. ಬೆರಳು ಮಡಚಲಾಗದು. ಕೆಲಸ ನಿಂತ ಮೇಲೆ ಅವಳ ಬಾಗಿಲಿಗೆ ಜನ ಬರುವುದೂ ನಿಂತಿತು. ನಾನು ಬಾರ್ಲಿ ಗಂಜಿ ಒಯ್ದಾಗ ಕೇಳಿದೆ:

"ಊರಿಗೆಲ್ಲ ಮಾಡಿಕೊಟ್ಟೆ. ನಿಂಗಂತ ಒಂದು ಕೈ ಒಪ್ಪಿಸಬಾರ್ದಾ ಅಜ್ಜಿ?"

"ಗುಡಿ ಗೋಡೆ ತುಂಬ ನೇತಾಡ್ತಿರೋ ಕೈಯೆಲ್ಲ ನಂದೇ ಕಣೇ. ಇನ್ನೊಂದು ತೂಗುಹಾಕಿದ್ರೆ ನಂದು ಯಾವುದು ಅಂತ ದೇವರಿಗಾದ್ರೂ ಹೇಗೆ ಗೊತ್ತಾಗುತ್ತೆ?"

ಮರುದಿನ ಅಜ್ಜಿ ಅಚ್ಚನ್ನು ಬದಿಗಿಟ್ಟು, ಎಡಗೈಯಿಂದಲೇ ಮಣ್ಣು ತಿದ್ದಲು ಕುಳಿತಳು. ಎಲ್ಲರೂ ಒಪ್ಪಿಸುವುದು ನೆಟ್ಟಗಿರುವ ಅಂಗವನ್ನು. ಇವಳು ಮಾತ್ರ ಊದಿದ ಗೆಣ್ಣು, ಸೊಟ್ಟ ಬೆರಳುಗಳನ್ನು ಇದ್ದ ಹಾಗೆಯೇ ಮಾಡಿದಳು. ಒಲೆಯಲ್ಲಿ ಸುಡುವುದಕ್ಕೆ ನಾನು ನೆರವಾದೆ.

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವಳ ಜೊತೆ ಗುಡಿಗೆ ಹೋದೆ. ಪರಿಚಾರಕ ಲೂಕೋನ್ ಅದನ್ನು ತಿರುಗಿಸಿ ನೋಡಿ ನಕ್ಕ.

"ಕೈ ತಂದಿದೀಯೋ, ಬೆಳ್ಳುಳ್ಳಿ ಗಡ್ಡೆ ತಂದಿದೀಯೋ?"

"ನಿನ್ನ ನಾಲಿಗೆದೂ ಒಂದು ಮಾಡಿಕೊಡ್ತೀನಿ ಇರು. ಅದಕ್ಕೂ ವಾಸಿಯಾಗ್ಬೇಕು."

"ರೋಗದ ಕೈ ನೋಡಿದ್ರೆ ಬಂದ ಜನ ಹೆದರ್ತಾರೆ ಅಜ್ಜಿ. ಚೆನ್ನಾಗಿರೋದು ತಗೊಂಬಾ."

"ಚೆನ್ನಾಗಿರೋದು ನಿನ್ನ ಗೋಡೆ ಮೇಲೆ ನೂರಿವೆ. ನೋಯ್ತಿರೋದು ಇದೊಂದೇ."

ಅವನ ನಗು ನಿಂತಿತು. ಅದನ್ನು ಕಂಬದ ಹಿಂದೆ, ಕೆಳಗಿನ ಮೊಳೆಗೆ ಕಟ್ಟಿದ. ಮುಂದಿನ ಸಾಲುಗಳ ನೀಳ ಬೆರಳುಗಳ ಮರೆಯಲ್ಲಿ ಅದು ಕಾಣಿಸುವಂತೆಯೇ ಇರಲಿಲ್ಲ. ಅಜ್ಜಿ ಅದರ ಬಳಿಯೇ ಕುಳಿತುಬಿಟ್ಟಳು. ಮಗು ಹಸಿದು ಕಿರುಚತೊಡಗಿತು.

"ಏಳು ಅಜ್ಜಿ, ಹೋಗೋಣ."

"ನೀನು ಹೋಗು ಮಗಳೇ, ಹಾಲು ಕುಡಿಸು. ದೇವರು ಆ ಸಾಲೆಲ್ಲ ನೋಡ್ಕೊಂಡು ಇಲ್ಲಿಗೆ ಬರೋಕೆ ಹೊತ್ತಾಗುತ್ತೆ. ಬಂದಾಗ ಜೊತೆಗೆ ನಾನಿಲ್ದಿದ್ರೆ, ಇದೂ ಯಾರದೋ ಅಂದ್ಕೋತಾನೆ."

ಬಾಗಿಲ ಬಳಿ ಹಿಂತಿರುಗಿ ನೋಡಿದೆ. ಕಂಬದ ಹಿಂದೆ ನೆಲಕ್ಕೆ ಕೂತು, ನೋಯುವ ಕೈಯನ್ನು ಮೊಣಕಾಲ ಮೇಲೆ ಚಾಚಿಟ್ಟುಕೊಂಡು ಕಾಯುತ್ತಿದ್ದಳು.