ಸೀಸೆಯ ಕತ್ತಿನ ಅರಿಸಿನ

ಒಂಟಿಕೊಪ್ಪಲಿನ ಅಡ್ಡರಸ್ತೆಯೊಂದರಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕಾಫಿಪುಡಿ ಅಂಗಡಿ ಇಟ್ಟುಕೊಂಡಿರುವ ಚಾಮುಂಡೇಶ್ವರಿಗೆ ಹೇಸಿಗೆಯಾಗುವ ವಾಸನೆಗಳು ಬಹಳ. ತಳ ಹಿಡಿದ ಹಾಲು, ಒಣಗದ ಒರೆಸುಬಟ್ಟೆ, ಬೆವರಿನ ಮೇಲೆ ಬಳಿದುಕೊಂಡ ಸೆಂಟು. ಬೆಳಗ್ಗೆ ಬೀಜ ಹುರಿಯುವಾಗ ಬೀದಿಯೆಲ್ಲ ಮೂಗರಳಿಸಿ ನಿಂತರೂ ಅವಳ ಮೂಗು ಮಾತ್ರ ಯಾವ ಮೂಲೆಯಲ್ಲಿ ಇಲಿ ಸತ್ತಿದೆಯೋ ಎಂದು ಹುಡುಕುತ್ತಿರುತ್ತದೆ. "ನಿಮ್ಮವ್ವನ ಮೂಗು ಪೊಲೀಸ್ ನಾಯಿಗೂ ಇಲ್ಲ ಕಣವ್ವ" ಎಂದು ಗಂಡ ಮಂಟೇಸ್ವಾಮಿ ಮಗಳು ಸಿಂಚನಳ ಹತ್ತಿರ ಹೇಳಿ ನಗುತ್ತಿದ್ದ.

ಎಲ್ಲಕ್ಕಿಂತ ಅವಳಿಗೆ ಹೇಸಿಗೆ, ಹೆಂಡದ ವಾಸನೆ. ಇಲವಾಲದ ತವರಿನಲ್ಲಿ ಸೋದರಮಾವನೊಬ್ಬನಿದ್ದ. ಸಾರಾಯಿ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಅದೇ ಬಾಯಿಯಲ್ಲಿ ಅವಳನ್ನು ಮುದ್ದಿಸಲು ಬರುತ್ತಿದ್ದ. ಆ ಬಿಸಿ ಉಸಿರು ಕೆನ್ನೆಗೆ ತಾಗಿದ ಕಡೆ ಅವಳು ಬೂದಿ ಹಾಕಿ ತಿಕ್ಕಿಕೊಂಡಿದ್ದುಂಟು.

ಹಾಗಾಗಿ ಮದುವೆಯಾದ ಹೊಸದರಲ್ಲಿ ಮಂಟೇಸ್ವಾಮಿ ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದಾಗ ಅವಳ ಎದೆ ಧಸಕ್ಕೆಂದಿತ್ತು. ಅವನು ಕಡಕೊಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. "ನಾನು ವರ್ಷಕ್ಕೆ ಎರಡು ಸಲ ಕುಡೀತೀನಿ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಒಂದು, ಆಯುಧಪೂಜೆ ದಿನ ಒಂದು. ಮೂರನೇ ಸಲ ಕುಡಿದು ಬಂದ್ರೆ ಬಾಗಿಲು ತೆಗೀಬ್ಯಾಡ" ಎಂದಿದ್ದ. ಬಾಗಿಲು ತೆಗೆಯದೆ ಇರುವ ಪ್ರಸಂಗ ಕೊನೆಯವರೆಗೂ ಬರಲಿಲ್ಲ.

ಆದರೆ ಆ ಎರಡು ಸಂಜೆಗಳ ಮುಂಚೆ ಅವನು ನಡೆಸುತ್ತಿದ್ದ ಸಡಗರ ಮಗಳಿಗೆ ಗಂಡು ನೋಡುವವರಿಗೂ ಇರುವುದಿಲ್ಲ. ಮದ್ಯದಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದೇ ಸೀಸೆಯ ಬೆನ್ನು ಓದುತ್ತಿದ್ದನಂತೆ. ಮುಂದಿನ ಚೀಟಿಯಲ್ಲಿ ಹುಲಿ, ಕುದುರೆ, ಕಿರೀಟ ಏನು ಬೇಕಾದರೂ ಇರಲಿ, ಹಿಂದಿನ ಚೀಟಿಯಲ್ಲಿ ಬಣ್ಣ ಸೇರಿಸಿದೆ, ಪರಿಮಳ ಸೇರಿಸಿದೆ ಎಂದಿದ್ದರೆ ವಾಪಸು ಇಟ್ಟುಬಿಡುವುದು. ಕೊನೆಗೆ ಒಳ್ಳೆಯದೊಂದರ ಅತಿ ಚಿಕ್ಕ ಸೀಸೆ ತರುವುದು.

"ಇಷ್ಟಕ್ಕೆ ಅಷ್ಟು ಹೊತ್ತಾ?" ಎಂದು ಅವಳು ರೇಗಿದರೆ, "ದಿನಾ ಕುಡಿಯೋನಿಗೆ ಇವತ್ತು ಕೆಟ್ಟದ್ದು ಸಿಕ್ಕಿದ್ರೆ ನಾಳೆ ಐತೆ ಕಣೇ. ನನಗೆ ಇನ್ನಾರು ತಿಂಗಳು ಇಲ್ಲ. ಅಪರೂಪಕ್ಕೆ ಕುಡಿಯೋನು ಚೆನ್ನಾಗಿರೋದನ್ನೇ ಕುಡೀಬೇಕು, ಸ್ವಲ್ಪವೇ ತರಬೇಕು. ದೊಡ್ಡ ಬಾಟ್ಲಿ ತೆಗೆದಿಟ್ರೆ ಗಾಳಿ ಕುಡೀತದೆ, ನಾವಲ್ಲ. ನಿನ್ನ ಕಾಫಿಪುಡಿ ಇದ್ದಂಗೆ" ಎನ್ನುತ್ತಿದ್ದ.

ಆಮೇಲೆ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು, ಎರಡೂ ಕೈ ಸೇರಿಸಿ ಉಜ್ಜಿ, ಅವಳ ಮುಖದ ಹತ್ತಿರ ತರುವುದು. "ಮೂಸು." "ಥೂ!" "ಈಗಲ್ಲ, ಘಾಟು ಹೋಗ್ಲಿ. ಈಗ ಮೂಸು." ಘಾಟು ಆರಿದ ಮೇಲೆ ಆ ದಪ್ಪ ಅಂಗೈಗಳಲ್ಲಿ ಹಳೆಯ ಕಣಜದ ಮರದ ವಾಸನೆ, ಒಲೆಯ ಪಕ್ಕದಲ್ಲಿ ಬೆಚ್ಚಗಾದ ಕಾಳಿನ ವಾಸನೆ ಉಳಿದಿರುತ್ತಿತ್ತು. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಎರಡನೆಯ ಸಲವೂ "ಥೂ" ಎಂದೇ ಹೇಳುತ್ತಿದ್ದಳು. ಅವನು ಗಹಗಹಿಸಿ ನಗುತ್ತಿದ್ದ.

ಒಂದು ಬೆಳಗ್ಗೆ ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಿಂತವನು ಎದೆ ಹಿಡಿದುಕೊಂಡು ಕುಸಿದ. ಅಷ್ಟೇ.

ಅವರ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಫೋಟೋದ ಮುಂದೆ ಎಲೆ ಹಾಸಿ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಧೂಪ ಹಾಕಿ, ಕದ ಮುಚ್ಚಿ ಎಲ್ಲರೂ ಆಚೆ ನಿಲ್ಲುವುದು. ಸತ್ತವರು ಬಂದು ಉಂಡು ಹೋಗಲಿ ಎಂದು. ಮಂಟೇಸ್ವಾಮಿಯ ಮೊದಲ ಎಡೆಗೇ ಅವನ ತಮ್ಮ ಸುಂದರೇಶ ದೊಡ್ಡ ಡಬ್ಬದ ಫಾರಿನ್ ವಿಸ್ಕಿ ಹಿಡಿದು ಬಂದಿದ್ದ. "ಅಣ್ಣನಿಗೆ ಯಾವುದ್ರಲ್ಲೂ ಕಮ್ಮಿ ಆಗಬಾರದು ಅತ್ತಿಗೆ, ಇದು ನನ್ ಜವಾಬ್ದಾರಿ" ಎಂದು ಬಂದವರಿಗೆಲ್ಲ ಕೇಳುವಂತೆ ಹೇಳಿದ. ಎಡೆ ಎತ್ತಿದ ಮೇಲೆ ಅದೇ ಸೀಸೆ ಹಿಡಿದುಕೊಂಡು ಸ್ನೇಹಿತರ ಜೊತೆ ಮಾಳಿಗೆ ಹತ್ತಿದ. ಮಾರನೆಯ ದಿನ ಮಾಳಿಗೆ ತೊಳೆಯುವಾಗ ಚಾಮುಂಡೇಶ್ವರಿ ಸೆರಗಿನಿಂದ ಮೂಗು ಕಟ್ಟಿಕೊಂಡಿದ್ದಳು. ಆಮೇಲಿನ ವರ್ಷಗಳಲ್ಲೂ ಇದೇ ನಡೆಯಿತು. ಖಾಲಿ ಸೀಸೆಯನ್ನು ಮಾತ್ರ ಅವನು ಬಿಟ್ಟುಹೋಗುತ್ತಿರಲಿಲ್ಲ. ಶೋಕೇಸಿಗೆ ಚೆನ್ನಾಗಿ ಕಾಣುತ್ತದೆಂದು ಒಯ್ಯುತ್ತಿದ್ದ.

ಈ ವರ್ಷ ಮಹಾಲಯ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿತ್ತು. ಅವತ್ತು ಮಾಂಸದಂಗಡಿಯೂ ಇಲ್ಲ, ಮದ್ಯದಂಗಡಿಯೂ ಇಲ್ಲ. ಹಿಂದಿನ ದಿನ ಮಧ್ಯಾಹ್ನವೇ ಸುಂದರೇಶ ಡಬ್ಬ ತಂದು ಕಾಫಿ ತೂಗುವ ತಕ್ಕಡಿಯ ಪಕ್ಕ ಇಟ್ಟ.

"ಏರ್‌ಪೋರ್ಟಿಂದ ತರಿಸಿದ್ದು ಅತ್ತಿಗೆ. ಚೆಕ್ಕಿಂಗ್‌ನಲ್ಲಿ ಸೀಲ್ ಒಡೆದ್ಬುಟ್ಟವ್ರೆ, ಏನೂ ಅನ್ಕೋಬ್ಯಾಡಿ."

ಅವನು ಹೋದ ಮೇಲೆ, ಫೋಟೋದ ಹತ್ತಿರ ಇಡುವ ಮೊದಲು ಒರೆಸೋಣವೆಂದು ಅವಳು ಸೀಸೆಯನ್ನು ಹೊರತೆಗೆದಳು. ಬಟ್ಟೆ ಕತ್ತಿನ ಹತ್ತಿರ ತಡೆಯಿತು. ಗಾಜಿನಲ್ಲಿ ಉಬ್ಬಿ ಬಂದಿದ್ದ ಅಕ್ಷರಗಳ ಸಂದಿಯಲ್ಲಿ ಹಳದಿ ಕೂತಿತ್ತು. ಅದರ ನಡುವೆ ಕಪ್ಪಾಗಿ ಒಣಗಿದ ಒಂದು ಚೂರು ಕುಂಕುಮ.

ಎಡೆಗೆ ಇಡುವ ಪ್ರತಿಯೊಂದಕ್ಕೂ ಅವಳು ಅರಿಸಿನ ಕುಂಕುಮ ಇಡುತ್ತಾಳೆ. ತೆಂಗಿನಕಾಯಿಗೆ, ಚೊಂಬಿಗೆ, ಹೋದ ವರ್ಷ ಈ ಸೀಸೆಗೂ ಉಂಗುರದ ಬೆರಳಿನಿಂದ ಅವಳೇ ಇಟ್ಟಿದ್ದಳು.

ಖಾಲಿಯಾಗಿ ಅವನ ಶೋಕೇಸಿಗೆ ಹೋದ ಸೀಸೆಯೇ ಮತ್ತೆ ತುಂಬಿಕೊಂಡು ಬಂದಿತ್ತು. ಸೀಸೆಯನ್ನು ಎಸೆಯಬೇಕೆನ್ನಿಸಿದರೂ ಎಸೆಯದೆ, ಮುಚ್ಚಳ ತಿರುಗಿಸಿ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡಳು. ಜನ್ಮದಲ್ಲಿ ಮೊದಲ ಸಲ. ಉಜ್ಜಿದಳು, ಕಾದಳು, ಮೂಸಿದಳು. ಮೊದಲು ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ಮುಂಚೆ ಒರೆಸುವ ಹತ್ತಿಯ ವಾಸನೆ. ಆಮೇಲೆ ಸೀದ ಸಕ್ಕರೆ. ಅದಾದ ಮೇಲೆ ಏನೂ ಇಲ್ಲ, ಅವಳದೇ ಕೈಯ ಕಾಫಿ ವಾಸನೆ. ಆರಾರು ತಿಂಗಳು ಕಾದು ಕಾದು, ಬೆನ್ನು ಓದಿ ಓದಿ ಕುಡಿಯುತ್ತಿದ್ದ ಮನುಷ್ಯನಿಗೆ ಇಂಥದ್ದನ್ನು ಬಡಿಸಿ, ಧೂಪ ಹಾಕಿ, ಕೈಮುಗಿದು, ಉಣ್ಣು ಬಾ ಎಂದು ಕರೆದದ್ದು ಯಾರು? ತಾನೇ.

ಅವಳು ಕೈಯನ್ನು ಸೋಪು ಹಾಕಿ ತೊಳೆದಳು. ಮತ್ತೆ ತೊಳೆದಳು. ಆಮೇಲೆ ಅಂಗಡಿಯ ಬಾಗಿಲು ಎಳೆದು, "ಸಿಂಚನಾ, ಸ್ಕೂಟರ್ ತೆಗಿ" ಎಂದಳು.

"ಎಲ್ಲಿಗಮ್ಮ?"

"ವೈನ್ ಶಾಪಿಗೆ."

ಮಗಳು ಅವಳ ಹಣೆ ಮುಟ್ಟಿ ನೋಡಿದಳು.

ದಸರೆಗೆಂದು ಬೀದಿಯುದ್ದಕ್ಕೂ ಕಟ್ಟಿದ್ದ ದೀಪಗಳನ್ನು ಹೊತ್ತಿಸಿ ಆರಿಸಿ ನೋಡುತ್ತಿದ್ದರು. ನಾಳೆ ಬಾಗಿಲು ಹಾಕುತ್ತದೆಂದು ಊರಿನ ಗಂಡಸರೆಲ್ಲ ಆ ಅಂಗಡಿಯ ಮುಂದೆಯೇ ಇದ್ದಂತಿತ್ತು. ಸಿಂಚನ ವೇಲನ್ನು ಮುಖಕ್ಕೆ ಸುತ್ತಿಕೊಂಡು, "ನಾನಿಲ್ಲೇ ಇರ್ತೀನಿ" ಎಂದು ಸ್ಕೂಟರಿನ ಮೇಲೆ ಉಳಿದಳು. ಒಳಗೆ ಯಾರೋ ಒಂದು ಸೀಸೆ ಒಡೆದಿದ್ದರು. ನೆಲ ಚಪ್ಪಲಿಗೆ ಅಂಟುತ್ತಿತ್ತು. ಭುಜಕ್ಕೆ ಭುಜ, ಕಂಕುಳಿಗೆ ಮುಖ. ಚಾಮುಂಡೇಶ್ವರಿ ಉಸಿರು ಬಿಗಿಹಿಡಿದು ನುಗ್ಗಿದಳು.

"ಹೇಳಿಯಮ್ಮ, ಎಡೆಗಾ?" ಕೌಂಟರಿನವನು ಮುಖ ನೋಡಿಯೇ ಕೇಳಿದ.

"ಹ್ಞೂಂ. ಒಳ್ಳೇದು ಕೊಡಿ."

ಆ ಮಾತು ತನ್ನ ಬಾಯಿಂದ ಬಿದ್ದದ್ದೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಮನೆಗೆ ಬೀಗರು ಬರುತ್ತಾರೆಂದು ವರ್ಷಕ್ಕೊಮ್ಮೆ ಕಾಫಿಪುಡಿ ಕೊಳ್ಳಲು ಬರುವವರು ಹೇಳುವುದು ಇದನ್ನೇ. ಅವರು ಬೀಜ ಮೂಸುವುದಿಲ್ಲ, ಹೊಳಪು ನೋಡುತ್ತಾರೆ. ಅಂಥವರಿಗೆ ಒಂದು ಹಿಡಿ ಚಿಕೋರಿ ಜಾಸ್ತಿ ಹಾಕಿದರೂ ಹೊಗಳಿಕೊಂಡು ಹೋಗುತ್ತಾರೆ. ಅವಳು ಹಾಕಿದವಳಲ್ಲ. ಹಾಕಬಹುದಲ್ಲಾ ಎಂದು ಮಾತ್ರ ಪ್ರತಿ ಸಲವೂ ಅನ್ನಿಸಿದ್ದುಂಟು.

ಅವನು ಚಿನ್ನದ ಬಣ್ಣದ ಡಬ್ಬವೊಂದನ್ನು ಮುಂದೆ ತಳ್ಳಿದ. "ಇದು ಚೆನ್ನಾಗಿ ಓಡ್ತಾ ಐತೆ. ಎರಡು ಗ್ಲಾಸ್ ಫ್ರೀ."

ಹಿಂದೆ ನಿಂತಿದ್ದವನೊಬ್ಬ ಅವಳ ಕಿವಿಯ ಹತ್ತಿರವೇ ತೇಗಿ, "ಯಾವುದಾದ್ರೂ ತಗೊಂಡ್ ಸೈಡಿಗೆ ಬನ್ನಿ ಅಕ್ಕ. ಫೋಟೋ ಏನ್ ವಾಂತಿ ಮಾಡ್ಕೊಳಲ್ಲ" ಎಂದ. ಸುತ್ತಲಿದ್ದವರು ನಕ್ಕರು.

ಅವಳು ತಿರುಗಿ ನೋಡಲಿಲ್ಲ. ಬಾಗಿಲ ಕಡೆಗೆ ಕೂಗಿದಳು. "ಸಿಂಚನಾ! ಬಾ ಇಲ್ಲಿ. ಇದರ ಬೆನ್ನು ಓದು."

ವೇಲಿನೊಳಗೆ ಕಣ್ಣು ಮಾತ್ರ ಬಿಟ್ಟುಕೊಂಡು ಮಗಳು ಬಂದಳು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದತೊಡಗಿದಳು. ಚಿನ್ನದ ಡಬ್ಬದ್ದರಲ್ಲಿ ಬಣ್ಣವೂ ಇತ್ತು, ಪರಿಮಳವೂ ಇತ್ತು. ಕುದುರೆ ಚಿತ್ರದ್ದರಲ್ಲೂ ಅದೇ. ಕ್ಯೂನಲ್ಲಿದ್ದವರು ಗೊಣಗತೊಡಗಿದರು. "ಏನಕ್ಕ, ಪರೀಕ್ಷೆಗೆ ಓದಿಸ್ತಿದ್ದೀರಾ?" ಎಂದ ತೇಗಿದವನು. ಈ ಸಲ ವೇಲಿನೊಳಗಿಂದಲೇ ಸಿಂಚನ, "ಹೌದು ಕಣ್ರೀ, ನೀವು ಫೇಲಾಗಿರೋ ಪರೀಕ್ಷೆ" ಎಂದಳು. ಮತ್ತೆ ನಗು ಎದ್ದಿತು, ಆದರೆ ಅವನ ಮೇಲೆ.

ಮೂಲೆಯಲ್ಲಿದ್ದ, ಸಾದಾ ಚೀಟಿಯ ಸೀಸೆಯೊಂದನ್ನು ಚಾಮುಂಡೇಶ್ವರಿ ತೋರಿಸಿದಳು. "ಇದರಲ್ಲಿ ಬಾರ್ಲಿ ಮಾಲ್ಟು, ನೀರು ಅಂತ ಅಷ್ಟೇ ಇದೆಯಮ್ಮ" ಎಂದಳು ಮಗಳು.

"ಇದರಲ್ಲೇ ಚಿಕ್ಕದು ಕೊಡಿ."

"ಎಡೆಗೆ ಚಿಕ್ಕದಾ?" ಕೌಂಟರಿನವನಿಗೆ ನಿರಾಶೆಯಾಯಿತು. ಬಗ್ಗಿ, ಕೆಳಗಿನ ಹಲಗೆಯಿಂದ ಧೂಳು ಹಿಡಿದಿದ್ದ ಪುಟ್ಟ ಸೀಸೆಯೊಂದನ್ನು ತೆಗೆದುಕೊಟ್ಟ. ಅದರ ಸೀಲನ್ನು ಅವಳು ಉಗುರಿನಿಂದ ಎರಡು ಸಲ ಪರೀಕ್ಷಿಸಿದಳು.

ಮರುದಿನ ಸಂಜೆ ಸುಂದರೇಶ ಹೆಂಡತಿ ಮಕ್ಕಳೊಂದಿಗೆ ಬಂದಾಗ ಎಲೆಯ ಮೇಲೆ ಮಾಂಸದ ಸಾರು, ಮುದ್ದೆ, ವಡೆ, ಕಜ್ಜಾಯ ಎಲ್ಲ ಬಡಿಸಿಯಾಗಿತ್ತು. ಮಾಂಸವನ್ನು ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟಿದ್ದಳು. ಎಲೆಯ ಪಕ್ಕದಲ್ಲಿ ಪುಟ್ಟ ಸೀಸೆ, ಅದರ ಕತ್ತಿನಲ್ಲಿ ಹಸಿ ಅರಿಸಿನ.

"ಇದೇನ್ ಅತ್ತಿಗೆ ಕ್ವಾರ್ಟರು? ಬಂದೋರು ಏನಂದ್ಕೊತಾರೆ? ನನ್ ಬಾಟ್ಲಿ ಎಲ್ಲಿ?"

"ಅಂಗಡಿ ಕೋಣೇಲೈತೆ. ಬಾ."

ಅವನು ಹಿಂದೆಯೇ ಬಂದ. ಅವಳು ಕದ ಓರೆ ಮಾಡಿ, ಅವನ ಸೀಸೆಯನ್ನು ದೀಪದ ಕೆಳಗೆ ಹಿಡಿದು ಕತ್ತನ್ನು ತೋರಿಸಿದಳು. "ಇದು ಯಾರಿಟ್ಟಿದ್ದು?"

ಸುಂದರೇಶ ನೋಡಿದ. ಮುಖ ಕೆಂಪಾಗಬಹುದು, ಏನಾದರೊಂದು ಸುಳ್ಳು ಹೇಳಬಹುದು ಎಂದುಕೊಂಡಿದ್ದಳು. ಅವನು ನಕ್ಕುಬಿಟ್ಟ. ಹಲ್ಲಿನ ಸಂದಿಯ ಎಲೆಅಡಿಕೆ ಕಾಣುವ ಹಾಗೆ.

"ಅಯ್ಯೋ ಬುಡಿ ಅತ್ತಿಗೆ! ಡಬ್ಬ ಚೆನ್ನಾಗೈತಲ್ಲ, ಅದಕ್ಕೇ ಒಳಗಡೆ ಬ್ಯಾರೆ ತುಂಬ್ಸಿದ್ದೆ. ಸತ್ತೋರೇನ್ ಎದ್ಬಂದು ಕುಡೀತಾರಾ? ಕಡೇಲಿ ಕುಡಿಯೋರು ನಾವೇ ತಾನೆ?"

ಕೆನ್ನೆಯ ಮೇಲೆ ಆ ಹಳೆಯ ಬಿಸಿ ಉಸಿರು ತಾಗಿದಂತಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಕುಡಿಯೋಕೆ ಯಾರೂ ಬರಲ್ಲ ಅಂದ್ರೆ, ಕದ ಮುಚ್ಚಿ ಆಚೆ ಯಾಕೆ ನಿಂತ್ಕೋತೀಯ ಸುಂದರೇಶ? ಕೈ ಯಾಕೆ ಮುಗೀತೀಯ?"

ಅವನ ನಗು ಅರ್ಧಕ್ಕೆ ನಿಂತಿತು.

"ಇದನ್ನ ನಿನ್ ಶೋಕೇಸಿಗೇ ಇಟ್ಕೋ. ಆದ್ರೆ ಆ ಅರಿಸಿನ ನಂದು. ಅದನ್ನ ತೊಳೆದು ತಗೊಂಡ್ ಹೋಗು."

ಅಂಗಡಿಯ ಮೂಲೆಯ ನಲ್ಲಿಯ ಕೆಳಗೆ ಸುಂದರೇಶ ಬಗ್ಗಿ ನಿಂತು, ಸೀಸೆಯ ಕತ್ತನ್ನು ಹೆಬ್ಬೆರಳಿನಿಂದ ತಿಕ್ಕತೊಡಗಿದ. ಅಕ್ಷರಗಳ ಸಂದಿಯಿಂದ ಹಳದಿ ಬೇಗ ಬಿಡಲಿಲ್ಲ. ಅದು ಬಿಡುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಧೂಪ ಹಾಕಿ, ಪುಟ್ಟ ಸೀಸೆಯ ಸೀಲು ಒಡೆದು ಲೋಟಕ್ಕೆ ಎರಡು ಬೆರಳಷ್ಟು ಸುರಿದು, ಎಲ್ಲರೂ ಬೀದಿಗೆ ಬಂದರು. ಕದ ಮುಚ್ಚಿತು. ಮಕ್ಕಳು ಪಿಸುಗುಟ್ಟಿದರು. ಸುಂದರೇಶ ತೊಳೆದ ಸೀಸೆಯನ್ನು ಡಬ್ಬಕ್ಕೆ ಹಾಕಿ ಸ್ಕೂಟರಿಗೆ ನೇತುಹಾಕಿ ಬಂದು, ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಯಾರ ಮುಖವನ್ನೂ ನೋಡದೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಚಾಮುಂಡೇಶ್ವರಿ ಕದ ತಟ್ಟಿ, ತಾನೊಬ್ಬಳೇ ಒಳಗೆ ಹೋದಳು.

ಲೋಟದಲ್ಲಿದ್ದುದು ಹಾಗೇ ಇತ್ತು. ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅದನ್ನು ಬೀರುವಿನೊಳಗೆ ಅವನ ಶರ್ಟುಗಳ ಹಿಂದೆ ಇಟ್ಟಳು. ಆಯುಧಪೂಜೆ ಇನ್ನೇನು ಬಂತು.

ಆಮೇಲೆ ಲೋಟದಿಂದ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡಳು. ಉಜ್ಜಿ ಮೂಗಿನ ಹತ್ತಿರ ತಂದಳು. ಘಾಟು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಕೈ ಕೆಳಗಿಳಿಸದೆ ಕಾದಳು. ಕಣಜದ ಮರ. ಬೆಚ್ಚಗಾದ ಕಾಳು.

"ಥೂ" ಎಂದಳು, ಫೋಟೋದ ಕಡೆ ತಿರುಗಿ. ಕೈಯನ್ನು ಮಾತ್ರ ತೊಳೆಯಲು ಹೋಗಲಿಲ್ಲ.