ಒಡೆದ ಉಂಗುರಕ್ಕೆ ನಾಲ್ಕು ಕಾರಣ

ಹೋದ ತಿಂಗಳು, ಡಲ್ಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಯಾರೋ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದರು. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಮೂರೂ ಸೇರಿದ ಆ ವಾಸನೆ ಒಮ್ಮೆ ಏರ್‌ಕಂಡೀಷನರಿನ ಗಾಳಿ ಹೊಕ್ಕರೆ ಮುಗಿಯಿತು, ಇಡೀ ಮಹಡಿ ಸುತ್ತಿ ಮಧ್ಯಾಹ್ನದ ಮೀಟಿಂಗಿಗೂ ಬಂದು ಕೂರುತ್ತದೆ. ನಾನು ಮೈಸೂರಿನವಳು. ನಮ್ಮ ಮನೆಯ ಚಟ್ನಿಪುಡಿಯಲ್ಲಿ ಕೊಬ್ಬರಿ, ಬೆಲ್ಲ ಇರುತ್ತವೆ. ಅದು ಮರ್ಯಾದಸ್ತ ಪುಡಿ, ಡಬ್ಬಿಯಿಂದ ಈಚೆ ಬರುವುದಿಲ್ಲ. ಅಂದು ಆ ಘಾಟಿಗೆ ನನಗೆ ಹಸಿವಾಗುವ ಬದಲು ಸುಮಿತ್ರಾ ಆಂಟಿ ನೆನಪಾದರು. ಅವರ ಹಿಂದೆಯೇ ಅವರ ಮೂವರು ಗ್ರೀಕರೂ ಬಂದರು.

ಗ್ರೀಕರ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳಿ. ಕೆಲವು ವರ್ಷಗಳ ಹಿಂದೆ ನಾನು ಆಸ್ಟಿನ್‌ನಲ್ಲಿ ಮನೆ ಮಾಡಿಕೊಂಡು ಹತ್ತಿರದ ಟೇಲರ್ ಎಂಬ ಊರಿನ ಒಂದು ಸಣ್ಣ ಕಂಪನಿಗೆ ದಿನಾ ಡ್ರೈವ್ ಮಾಡುತ್ತಿದ್ದೆ. ದೊಡ್ಡ ಚಿಪ್ ಕಾರ್ಖಾನೆ ಬಂದ ಊರು ಅದು, ಹೆಸರು ಹೇಳಿದ ತಕ್ಷಣ ಗೆಳೆಯರೆಲ್ಲ "ಓ, ಚಿಪ್ ಫ್ಯಾಕ್ಟರೀಲಿದ್ದೀಯಾ!" ಎಂದು ಕಣ್ಣರಳಿಸುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ನಿಜವಾಗಿ ನಮ್ಮದು ತೊಳೆಯುವ ಕೆಲಸ. ಚಿಪ್ ಮಾಡುವ ಯಂತ್ರಗಳ ಒಳಗೆ ಕೂರುವ ಕ್ವಾರ್ಟ್ಜ್ ಉಂಗುರಗಳು ಕೊಳೆ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದವು. ಊಟದ ತಟ್ಟೆಯಷ್ಟು ಅಗಲ, ನೋಡಲು ಗಾಜಿನ ಹಾಗೆ. ಅವನ್ನು ಬಿಸಿ ಆಸಿಡ್‌ನಲ್ಲಿ ಅದ್ದಿ, ಬಿಸಿ ಆರಲು ಬಿಟ್ಟು, ತಣ್ಣೀರಿಗೆ ಇಳಿಸಿ, ಒಣಗಿಸಿ ವಾಪಸ್ಸು ಕಳಿಸಬೇಕು. "ಪಾತ್ರೆ ತೊಳೆಯೋಕೆ ಎಂ.ಎಸ್. ಮಾಡ್ಬೇಕಿತ್ತಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. ಇಂಥ ಪ್ರಶ್ನೆಗಳಿಗೆ ನೆಟ್‌ವರ್ಕ್ ಸರಿಯಿಲ್ಲ ಎನ್ನುವುದೇ ಉತ್ತರ.

ಸುಮಿತ್ರಾ ಆಂಟಿ ಅಲ್ಲಿ ಕಾಗದಪತ್ರಗಳ ಕೋಣೆಯಲ್ಲಿದ್ದರು. ನಾವು ಇಂಜಿನಿಯರುಗಳು ಬರೆದ ಪ್ರತಿ ರಿಪೋರ್ಟೂ ಅವರ ಮೇಜು ದಾಟಿಯೇ ಮ್ಯಾನೇಜರ್ ಬಳಿಗೆ ಹೋಗಬೇಕು. ನಂಬರ್ ಇದೆಯೇ, ತಾರೀಖು ಇದೆಯೇ, ಸಹಿ ಇದೆಯೇ ಎಂದು ನೋಡುವುದಷ್ಟೇ ಅವರ ಅಧಿಕಾರ. ಅವರು ಧಾರವಾಡದವರು, ಫಿಲಾಸಫಿಯಲ್ಲಿ ಎಂ.ಎ., ಮದುವೆಗೆ ಮುಂಚೆ ಎರಡು ವರ್ಷ ಕಾಲೇಜಿನಲ್ಲಿ ಗ್ರೀಕ್ ತತ್ವಶಾಸ್ತ್ರ ಪಾಠ ಮಾಡಿದವರು. ಅಷ್ಟು ಓದಿ ಇಲ್ಲಿ ಫೈಲು ಜೋಡಿಸುತ್ತಿದ್ದೀರಲ್ಲ ಎಂದು ನಾನೊಮ್ಮೆ ಮರುಗಿದೆ. ಅವರಿಗೇನೂ ಮರುಕವಿರಲಿಲ್ಲ. "ಆ ಗ್ರೀಕರರೇ ಮತ್ತೇನ್ ಮಾಡಿದ್ರವಾ? ಮಂದಿ ಹೇಳಿದ್ದು ಖರೇ ಅದನೋ ಇಲ್ಲೋ ನೋಡಿದ್ರು. ನಾನೂ ಅದನ್ನ ಮಾಡ್ತೇನಿ" ಎಂದರು.

ಮೂವರು ಗ್ರೀಕರನ್ನು ಅವರು ಎಂದೂ ಹೆಸರು ಹಿಡಿದು ಕರೆದವರಲ್ಲ. ಸಂತೆಯಲ್ಲಿ ನಿಂತು ಕಂಡಕಂಡವರನ್ನು ಪ್ರಶ್ನೆ ಕೇಳಿ, ಕೊನೆಗೆ ಊರವರು ಕೊಟ್ಟ ವಿಷ ಕುಡಿದವನು ದೊಡ್ಡಾಂವ. ಅವನ ಶಿಷ್ಯ ನಡುವಿನಾಂವ. ಶಿಷ್ಯನ ಶಿಷ್ಯ ಸಣ್ಣಾಂವ. ಯಾಕೆ ಹೀಗೆ ಎಂದರೆ, "ಮನ್ಯಾಗಿನ ಹಿರಿಯರ ಹೆಸರು ಹಿಡದ ಕರೀತಾರೇನು?" ಎನ್ನುತ್ತಿದ್ದರು. ಗಂಡನನ್ನು ಮಾತ್ರ ಆಫೀಸಿನವರ ಎದುರು ಹೆಸರು ಹಿಡಿದೇ ಕರೆಯುತ್ತಿದ್ದರು. ಅಮೆರಿಕ ಅವರನ್ನು ಬದಲಿಸಿದ್ದು ಅಷ್ಟು ಮಟ್ಟಿಗೆ.

ಅವರದೊಂದು ಅಭ್ಯಾಸವಿತ್ತು. ರಿಪೋರ್ಟಿನಲ್ಲಿ ಬರೆದದ್ದು ಒಪ್ಪಿಗೆಯಾಗದಿದ್ದರೆ, ಒಪ್ಪುವ ಬಿಡುವ ಅಧಿಕಾರ ಅವರಿಗಿಲ್ಲವಲ್ಲ, ಒಂದು ಹಳದಿ ಚೀಟಿ ಅಂಟಿಸಿ ನನ್ನ ಮೇಜಿಗೆ ವಾಪಸ್ಸು ಕಳಿಸುತ್ತಿದ್ದರು. ಚೀಟಿಯ ಮೇಲೆ ಕನ್ನಡದಲ್ಲಿ ಒಂದೇ ಪದ, "ಯಾಕ?" ಕನ್ನಡ ಓದಬಲ್ಲವರು ಆ ಕಟ್ಟಡದಲ್ಲಿ ನಾವಿಬ್ಬರೇ. ಮ್ಯಾನೇಜರ್ ಒಮ್ಮೆ ಅದನ್ನು ನೋಡಿ, ಶುಭವಾಗಲೆಂದು ಬರೆಯುವ ಮಂತ್ರವೇ ಎಂದು ಕೇಳಿದ. ಹೌದು ಎಂದೆ. ಅಂದಿನಿಂದ ಅವನ ರಿಪೋರ್ಟಿಗೂ ಒಂದು ಬೇಕೆಂದು ಹಟ ಹಿಡಿದ, ಆಂಟಿ ಧಾರಾಳವಾಗಿ ಅಂಟಿಸಿಕೊಟ್ಟರು.

ಹೀಗೆ ನಗುತ್ತಾ ಹೋಗಬಹುದಿತ್ತು. ಒಂದು ಮಂಗಳವಾರ ಒಂದು ಉಂಗುರ ಒಡೆಯಿತು. ಆಸಿಡ್‌ನಿಂದ ಎತ್ತಿ ತಣ್ಣೀರಿಗೆ ಇಳಿಸುವ ಕೆಲಸದಲ್ಲಿದ್ದವನು ಕರ್ಟಿಸ್. ಐವತ್ತು ದಾಟಿದ ಟೇಲರ್‌ನವನೇ, ಮಾತು ಕಡಿಮೆ, ನನ್ನನ್ನು ಮ್ಯಾಮ್ ಎನ್ನುತ್ತಿದ್ದ. ಅವನ ಹೆಸರಿನಲ್ಲಿ ಆಗಲೇ ಎರಡು ಸಣ್ಣ ತಪ್ಪುಗಳು ದಾಖಲಾಗಿದ್ದವು. ಮೂರನೆಯದಾದರೆ ಕೆಲಸವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾರಣ ಹುಡುಕಿ ರಿಪೋರ್ಟ್ ಬರೆಯುವವಳು ನಾನು. ನಾನು ಕಂಪ್ಯೂಟರಿನಲ್ಲಿ ಗ್ರಾಫ್ ತೆಗೆದು ನೋಡಿದೆ. ಆಸಿಡ್‌ನ ಬಿಸಿ ಸರಿಯಾಗಿತ್ತು, ನೀರಿನಿಂದ ಎತ್ತುವ ಹೊತ್ತಿಗೆ ಗೆರೆ ಒಮ್ಮೆ ಜರ್ಕ್ ಹೊಡೆದಿತ್ತು. ಕರ್ಟಿಸ್ ಎಚ್ಚರವಿಲ್ಲದೆ ಎತ್ತಿದ್ದರಿಂದ ಒಡೆದಿದೆ ಎಂದು ಬರೆದೆ. ಬರೆಯದೆ ಬಿಟ್ಟ ಸಂಗತಿಯೂ ಒಂದಿತ್ತು. ಕೆಲಸ ಬೇಗ ಸಾಗಲೆಂದು, ಉಂಗುರ ಆರಲು ಬಿಡುವ ಸಮಯವನ್ನು ಹಿಂದಿನ ವಾರ ನಾನೇ ಅರ್ಧ ಮಾಡಿದ್ದೆ.

ಇದನ್ನು ಓದುವ ನಿಮಗೆ ನಾನು ದುಷ್ಟಳಂತೆ ಕಾಣಬಹುದು. ಆ ತಿಂಗಳು ಕಂಪನಿ ನನ್ನ ಗ್ರೀನ್ ಕಾರ್ಡಿನ ಕಾಗದ ಕಳಿಸುವುದರಲ್ಲಿತ್ತು. ನನ್ನ ಹೆಸರಿನಲ್ಲಿ ಒಂದು ರಿಪೋರ್ಟ್ ತೆರೆದೇ ಉಳಿದರೆ ಕಾಗದ ನಿಂತುಹೋಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ವೀಸಾದ ಮೇಲಿರುವ ನಮ್ಮಂಥವರಿಗೆ ಯಾರೂ ಹೇಳಬೇಕಿಲ್ಲ, ಆಫೀಸಿನಲ್ಲಿ ಯಾರು ಕೆಮ್ಮಿದರೂ ಅದು ನಮ್ಮ ಕಾಗದದ ಬಗ್ಗೆಯೇ ಎನಿಸುತ್ತದೆ.

ರಿಪೋರ್ಟ್ ಹಳದಿ ಚೀಟಿಯೊಂದಿಗೆ ವಾಪಸ್ಸು ಬಂತು. ನಾನು ಸಿಟ್ಟಿನಿಂದ ಅವರ ಕೋಣೆಗೆ ಹೋದೆ.

"ಕರ್ಟಿಸ್ ಒಡದಾನ ಅಂತ ಬರದೀ. ನೀ ನೋಡೀಯೇನು?" ಎಂದರು ಆಂಟಿ.

"ಗ್ರಾಫ್‌ನಲ್ಲಿ ಕಾಣ್ತಿದೆಯಲ್ಲ ಆಂಟಿ."

"ಗ್ರಾಫ್‌ನ್ಯಾಗ ಗೆರಿ ಕಾಣ್ತದ. ಉಂಗುರದ ಚೂರು ಅಲ್ಲಿ ಡಬ್ಬ್ಯಾಗ ಬಿದ್ದಾವ. ಅವನ್ನ ನೋಡೀಯೇನು?"

ನೋಡಿರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ರಬ್ಬರ್ ಏಪ್ರನ್, ಕೈಗವಸು, ಬೂಟು ಎಲ್ಲ ಹಾಕಿಕೊಳ್ಳಬೇಕು. ಆಂಟಿ ಕುರ್ಚಿ ಎಳೆದು ಕೂರಿಸಿ ನಡುವಿನಾಂವನ ಗುಹೆಯ ಕಥೆ ಹೇಳಿದರು. ಹುಟ್ಟಿದಾಗಿನಿಂದ ಗುಹೆಯಲ್ಲಿ ಗೋಡೆಗೆ ಮುಖ ಮಾಡಿಸಿ ಕಟ್ಟಿಹಾಕಿದ ಜನ. ಹಿಂದೆ ಬೆಂಕಿ ಉರಿಯುತ್ತಿದೆ, ಅದರ ಮುಂದೆ ಯಾರೋ ಏನೇನೋ ಹಿಡಿದು ಓಡಾಡುತ್ತಾರೆ. ಇವರಿಗೆ ಕಾಣುವುದು ಗೋಡೆಯ ಮೇಲಿನ ನೆರಳು ಮಾತ್ರ, ಅದನ್ನೇ ಲೋಕವೆಂದು ನಂಬಿರುತ್ತಾರೆ. "ಅವ್ರನ್ನರ ಕಟ್ಟಿ ಹಾಕಿದ್ರು. ನಿನ್ನ ಯಾರ್ ಕಟ್ಟ್ಯಾರ? ಎದ್ದು ಹೋಗಿ ನೋಡು. ಕರ್ಟಿಸ್ ಎತ್ತಿದ್ದಕ್ಕ ಒಡೀತೋ, ಒಡದದ್ದನ್ನ ಅಂವಾ ಎತ್ತಿದ್ನೋ?"

ಆಮೇಲೆ ಸಣ್ಣಾಂವನ ಸರದಿ. ಯಾವುದೇ ವಸ್ತುವಿಗೆ ಅವನು ನಾಲ್ಕು ಕಾರಣ ಕೇಳುತ್ತಿದ್ದನಂತೆ. ಅದು ಯಾತರದ್ದು, ಅದರ ರೂಪ ಎಂಥದ್ದು, ಅದನ್ನು ಆಗಿಸಿದ್ದು ಯಾರು, ಅದು ಇರುವುದು ಯಾತಕ್ಕೆ. ನಾಲ್ಕೂ ತಿಳಿದರೆ ಮಾತ್ರ ತಿಳಿದಂತೆ. "ನೀ ಯಾರು ಅನ್ನೋದೊಂದ ಬರದೀ. ಉಳದ ಮೂರು ಎಲ್ಲಿ ಹೋದ್ವು?"

"ಫಾರ್ಮ್‌ನಲ್ಲಿ ಒಂದೇ ಲೈನ್ ಜಾಗ ಇರೋದು ಆಂಟಿ" ಎಂದು ನಕ್ಕೆ. ಅವರು ನಗಲಿಲ್ಲ.

"ಹೋಗ್ಲಿ, ಕಡೀ ಕಾರಣಾನರ ಹೇಳು. ಈ ರಿಪೋರ್ಟ್ ಯಾತಕ್ಕ?"

"ಕ್ಲೋಸ್ ಮಾಡೋಕೆ" ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಇನ್ನೊಂದು ಉಂಗುರ ಒಡೆಯದಿರಲಿ ಎಂಬುದು ಅದಕ್ಕೆ ಸರಿಯಾದ ಉತ್ತರ. ಅದು ನನಗೆ ಆ ಕ್ಷಣ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಹಳದಿ ಚೀಟಿ ಕಿತ್ತು ಬಿಸಾಡಿ, ಅದೇ ರಿಪೋರ್ಟನ್ನು ನೇರ ಮ್ಯಾನೇಜರ್ ಬಳಿ ಒಯ್ದು ಸಹಿ ಹಾಕಿಸಿಕೊಂಡೆ. ಸಹಿಯಾದ ಮೇಲೆ ಫೈಲು ಮಾಡುವುದು ಬಿಟ್ಟು ಆಂಟಿಗೆ ಬೇರೆ ದಾರಿಯಿರಲಿಲ್ಲ. ಶುಕ್ರವಾರದ ಹೊತ್ತಿಗೆ ಕರ್ಟಿಸ್ ಇರಲಿಲ್ಲ. ಆಂಟಿ ಬೈಯಲಿಲ್ಲ. ಮುಂಚಿನಂತೆಯೇ ಊಟಕ್ಕೆ ಜೊತೆ ಕೂತರು, ಶೇಂಗಾ ಚಟ್ನಿಪುಡಿ ಹಚ್ಚಿದ ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಐದು ವಾರಕ್ಕೆ ಇನ್ನೊಂದು ಉಂಗುರ ಒಡೆಯಿತು. ಎತ್ತಿದವನು ಬೇರೆ. ಈ ಸಲ ಏಪ್ರನ್ ಹಾಕಿಕೊಂಡು ಹೋಗಿ ಚೂರುಗಳನ್ನು ನೋಡಿದೆ. ತಣ್ಣಗಿನ ಗಾಜಿನ ಲೋಟಕ್ಕೆ ಬಿಸಿ ಕಾಫಿ ಸುರಿದರೆ ಹೇಗೆ ಬಿರಿಯುತ್ತದೋ ಹಾಗೆ ಉಂಗುರ ಬಿರಿದಿತ್ತು. ಸರಿಯಾಗಿ ಆರುವ ಮುಂಚೆಯೇ ನೀರಿಗೆ ಇಳಿದಿತ್ತು. ಸಮಯವನ್ನು ಮೊದಲಿನಂತೆ ಮಾಡಿದೆ, ಸೆಟ್ಟಿಂಗ್ ತಿದ್ದಲಾಗಿದೆ ಎಂದು ಒಂದು ಸಾಲಿನ ರಿಪೋರ್ಟ್ ಬರೆದೆ. ಹಳೆಯ ರಿಪೋರ್ಟನ್ನು ಯಾರೂ ತೆರೆಯಲಿಲ್ಲ, ನಾನೂ ತೆರೆಸಲಿಲ್ಲ. ನನ್ನ ಕಾಗದ ಸಾಗಿತು.

ಆಂಟಿಗೆ ಮಾತ್ರ ಹೇಳಿಕೊಂಡೆ. ಸುಮ್ಮನೆ ಹೇಳಿಕೊಳ್ಳಲಿಲ್ಲ, ಅವರ ದೊಡ್ಡಾಂವನನ್ನೇ ಸಾಕ್ಷಿಗೆ ಕರೆದೆ. ಯಾರೂ ತಿಳಿದೂ ತಿಳಿದೂ ತಪ್ಪು ಮಾಡುವುದಿಲ್ಲ, ಮಾಡುವುದೆಲ್ಲ ಅಜ್ಞಾನದಿಂದ ಎಂದು ಅವನು ನಂಬಿದ್ದನೆಂದು ಅವರೇ ಒಮ್ಮೆ ಹೇಳಿದ್ದರು. "ನಂಗೂ ಗೊತ್ತಿರ್ಲಿಲ್ವಲ್ಲ ಆಂಟಿ" ಎಂದೆ. ಅವರು ಕೈಯಲ್ಲಿದ್ದ ಫೈಲನ್ನು ಕಪಾಟಿಗೆ ಸೇರಿಸಿ, ಆಮೇಲೆ ನನ್ನ ಕಡೆ ತಿರುಗಿದರು. "ಹೌದವಾ, ಹಂಗಂತಿದ್ದ. ಆದ್ರ ಅದನ್ನ ಅಂವಾ ಮಂದಿ ಸಲುವಾಗಿ ಹೇಳ್ಯಾನ. ತನ್ನ ಸಲುವಾಗಿ ಹೇಳ್ಕೊಂಡಿದ್ದಿಲ್ಲ."

ಮುಂದೆ ನಾನು ಡಲ್ಲಸ್‌ಗೆ ಶಿಫ್ಟ್ ಆದೆ. ಆಂಟಿಯ ಗಂಡನಿಗೆ ಹ್ಯೂಸ್ಟನ್ ಕಡೆ ಕೆಲಸವಾಗಿ ಅವರು ದ ವುಡ್‌ಲ್ಯಾಂಡ್ಸ್ ಎಂಬ ಊರಿಗೆ ಹೋದರು. ಹಬ್ಬಕ್ಕೊಂದು ಮೆಸೇಜ್, ಅಷ್ಟೇ. ಚಟ್ನಿಪುಡಿಯ ಘಾಟು ಮೂಗಿಗೆ ಬಡಿದ ದಿನ ಸಂಜೆ ಫೋನ್ ಮಾಡಿದೆ. ಮೊಣಕಾಲು ನೋವು, ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಎಲ್ಲ ಆಯಿತು. ಕರ್ಟಿಸ್ ಎಲ್ಲಿದ್ದಾನೋ ಎಂದೆ, ಗೋಡೆಯನ್ನು ಕೇಳುವವಳಂತೆ. "ಟೇಲರ್‌ನ್ಯಾಗ ಇದ್ದಾನಲ್ಲ, ದನದ ಮೇವಿನ ಅಂಗಡ್ಯಾಗ. ಕ್ರಿಸ್ಮಸ್ಸಿಗೆ ಕಾರ್ಡ್ ಹಾಕ್ತೇನಿ ನಾ" ಎಂದರು. ಹೋಗು ಎಂದು ಹೇಳಲಿಲ್ಲ.

ಮೊನ್ನೆ ಶನಿವಾರ ಹೋದೆ. ಅಂಗಡಿಯ ಹಿಂದೆ ಟ್ರಕ್ಕಿಗೆ ಮೇವಿನ ಚೀಲ ಹೇರುತ್ತಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಂಡ ತಕ್ಷಣ ಗುರುತು ಹಿಡಿದು ಮ್ಯಾಮ್ ಎಂದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಮರೆತು, ಆರುವ ಸಮಯ ಅರ್ಧ ಮಾಡಿದವಳು ನಾನು, ಉಂಗುರ ಒಡೆದದ್ದು ಅದರಿಂದ ಎಂದಷ್ಟೇ ಹೇಳಿದೆ.

"ಅದು ನನಗೆ ಅವತ್ತೇ ಗೊತ್ತಿತ್ತು" ಎಂದ. "ನೀರಿಗೆ ತಾಗಿದಾಗಲೇ ಚಟ್ ಅಂತ ಸದ್ದು ಬಂತು, ಆಮೇಲೆ ನೀರಿಂದ ಎತ್ತಿದೆ. ನೀವು ಬಂದು ಕೇಳ್ತೀರ ಅಂತ ಎರಡು ದಿನ ಕಾದೆ."

ನನಗೆ ತುಂಬಾ ನಾಚಿಕೆಯಾಯಿತು. ಅವನು ಚೀಲ ಕೆಳಗಿಟ್ಟು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ, "ನನ್ನ ಹೆಸರು ಬರೆಯುವಾಗ ಅದು ನಾನಲ್ಲ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ, ಗೊತ್ತಿರಲಿಲ್ಲ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಸುಳ್ಳೂ ಅಲ್ಲ ಅದು. ಇಷ್ಟು ವರ್ಷ ಅದನ್ನೇ ನಂಬಿಕೊಂಡು ನಿದ್ದೆ ಮಾಡಿದ್ದೇನೆ.

"ನನಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿತ್ತು" ಎಂದೆ.

ಕರ್ಟಿಸ್ ಕೆಳಗಿಟ್ಟಿದ್ದ ಚೀಲವನ್ನು ಎತ್ತಿ ಟ್ರಕ್ಕಿಗೆ ಹಾಕಿದ. ಪರವಾಗಿಲ್ಲ ಎನ್ನಲಿಲ್ಲ. ನಾನೂ ಅದಕ್ಕೆ ಕಾಯಲಿಲ್ಲ.