ಬೆನ್ನ ಹಿಂದಿನ ಕೈ

ಟಿಕ್ ಟಿಕ್ ಟಿಕ್, ನಡುವೆ ಒಮ್ಮೊಮ್ಮೆ ಒಂದು ‘ಟಕ್’. ಟಿಕ್ ಅನ್ನುವುದು ನನ್ನ ಅಂಗೈಯಲ್ಲಿದ್ದ ಸ್ಟಾಪ್‌ವಾಚಿನ ಸದ್ದು. ಟಕ್ ಅನ್ನುವುದು ಮರದ ತುಂಡೊಂದು ಹಲಗೆಯ ಗುಂಡಿಯಲ್ಲಿ ಸರಿಯಾಗಿ ಕೂತಾಗಿನ ಸದ್ದು. ಎಪ್ಪತ್ತರ ದಶಕದ ರಾಯಚೂರಿನ ಏಪ್ರಿಲ್ ಎಂದರೆ ನನಗೆ ಬಿಸಿಲಿಗಿಂತ ಮೊದಲು ಇದೇ ನೆನಪಾಗುತ್ತದೆ.

ನಮ್ಮದು ಮಾನ್ವಿ, ರೈಸ್‌ಮಿಲ್ಲಿನ ಮನೆ. ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಓದು ಮುಗಿಸಿ ಬಂದ ಮೇಲೆ ರಾಯಚೂರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಟೀಚರ್ ಆದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನ ದನಿ ಸಾಫ್ಟ್ ಅಂತ ಹೇಳಿ ಪುಟ್ಟ ಮಕ್ಕಳ ಅಡ್ಮಿಷನ್ ಟೆಸ್ಟನ್ನು ನನಗೇ ಒಪ್ಪಿಸಿದರು. ಒಂದು ಹಸಿರು ಪೆಟ್ಟಿಗೆ. ಅದರಲ್ಲಿ ಹತ್ತು ಆಕಾರದ ಮರದ ತುಂಡುಗಳು, ಅವು ಕೂರುವ ಹಲಗೆ, ಚಿತ್ರದ ಕಾರ್ಡುಗಳು, ತೆಳ್ಳನೆಯ ಇಂಗ್ಲಿಷ್ ಪುಸ್ತಕ. ಪುಸ್ತಕದಲ್ಲಿ ಇದ್ದಷ್ಟೇ ಹೇಳಬೇಕು. ನಿಮಿಷದೊಳಗೆ ತುಂಡುಗಳೆಲ್ಲ ಕೂತರೆ ಮಗು ‘ರೆಡಿ’, ಇಲ್ಲದಿದ್ದರೆ ‘ನಾಟ್ ರೆಡಿ’.

ಆ ಮಕ್ಕಳೋ! ಒಬ್ಬ ಅರ್ಧಚಂದ್ರದ ತುಂಡನ್ನು ಕಚ್ಚಿ ನೋಡಿ, ಇದು ಕಲ್ಲಂಗಡಿ ಅಲ್ಲ ಎಂದು ವಾಪಸ್ ಕೊಟ್ಟ. ಕಾಲು ಮುರಿದ ಕುರ್ಚಿಯ ಚಿತ್ರ ತೋರಿಸಿ ಇದರಲ್ಲಿ ಏನು ಕಡಿಮೆ ಎಂದು ಕೇಳಿದರೆ, ಇನ್ನೊಬ್ಬಳು ಬಹಳ ಹೊತ್ತು ನೋಡಿ, “ಕೂಡಾಕ ಯಾರೂ ಇಲ್ರೀ” ಎಂದಳು. ತಪ್ಪು ಎಂದು ಬರೆಯಬೇಕಿತ್ತು. ಬರೆದೆ, ನಗುತ್ತಲೇ.

ನಮ್ಮ ಶಾಲೆಯ ಅಂಗಳ ಗುಡಿಸುತ್ತಿದ್ದವಳು ದೇವದುರ್ಗದ ಕಡೆಯ ಗಬ್ಬೂರಿನ ಮುದುಕಿ. ಆ ವರ್ಷ ಮೊಮ್ಮಗಳನ್ನು ಊರಿನಿಂದ ಕರೆತಂದಿದ್ದಳು.

“ಊರ ಸಾಲ್ಯಾಗ ಮಾಸ್ತರು, ತಲಿ ಮ್ಯಾಲಿಂದ ಕೈ ತಂದು ಆಚಿ ಕಿವಿ ಮುಟ್ಟು ಅಂದ್ರಂತ್ರೀ ಅಕ್ಕೋರೆ. ಮುಟ್ಟಲಿಲ್ಲಂತ ಹೊಳ್ಳಿ ಕಳಿಸ್ಯಾರ. ನೀವೂ ಕಿವಿ ನೋಡ್ತೀರೇನು?”

“ಇಲ್ಲವ್ವ, ನಾವು ಬುದ್ಧಿ ನೋಡ್ತೀವಿ” ಎಂದೆ, ತುಸು ಜಂಬದಿಂದಲೇ.

“ಹಂಗಾದ್ರ ಚಲೋ ಆತು. ಬುದ್ಧಿ ಭಾಳ ಅದರೀ. ಕೈನ ಗಿಡ್ಡ.”

ಕೆಲಸದವರ ಮಕ್ಕಳಿಗೆಂದು ವರ್ಷಕ್ಕೊಂದು ಸೀಟಿತ್ತು, ಅದೂ ಟೆಸ್ಟಿನಲ್ಲಿ ‘ರೆಡಿ’ ಎಂದು ಬಂದರೆ ಮಾತ್ರ. ಬರದಿದ್ದರೆ ಹುಡುಗಿ ಗಬ್ಬೂರಿಗೆ ವಾಪಸು. ಅವ್ವ ಕೂಲಿಗೆ ಹೋದಾಗ ಎಳೆಗೂಸು ತಮ್ಮನನ್ನು ಎತ್ತಿಕೊಂಡಿರುವ ಕೆಲಸ ಅಲ್ಲಿ ಅವಳಿಗಾಗಿ ಕಾದಿತ್ತು. ಒಮ್ಮೆ ಹೋದರೆ ಮತ್ತೆ ಶಾಲೆಯ ಮಾತಿಲ್ಲ ಎಂದು ಮುದುಕಿಗೆ ಚೆನ್ನಾಗಿ ಗೊತ್ತಿತ್ತು.

ಟೆಸ್ಟಿನ ದಿನ ಹುಡುಗಿ ಎಣ್ಣೆ ಹಚ್ಚಿದ ತಲೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದು ನನ್ನೆದುರು ಕೂತಳು. ಎಡಗೈ ಬೆನ್ನ ಹಿಂದೆ, ಅಂಟಿಸಿದ ಹಾಗೆ. ಬಲಗೈಯಿಂದ ಒಂದು ತುಂಡು ಎತ್ತುವಳು, ಅದು ಜಾರುವುದು, ಮತ್ತೆ ಎತ್ತುವಳು. ಎಂಥ ಡಿಸಿಪ್ಲಿನ್, ಒಂದು ಕೈ ಕಟ್ಟಿಕೊಂಡೇ ಕೂತಿದ್ದಾಳೆ ಎಂದು ನಾನು ಮೆಚ್ಚಿಕೊಂಡೆ! ನಿಮಿಷ ಮುಗಿದಾಗ ಇನ್ನೂ ನಾಲ್ಕು ತುಂಡು ಹೊರಗೇ ಇದ್ದವು. ಬಾಗಿಲಲ್ಲಿ ನಿಂತಿದ್ದ ಮುದುಕಿ ನನ್ನ ಮುಖ ನೋಡಿದಳು, ಪೊರಕೆ ತೆಗೆದುಕೊಂಡು ಹೋದಳು.

ಅರ್ಧ ಗಂಟೆ ಕಳೆದು ಕಿಟಕಿಯಿಂದ ನೋಡುತ್ತೇನೆ, ಅಂಗಳದ ಹುಣಸೆ ಮರದ ಕೆಳಗೆ ಅದೇ ಹುಡುಗಿ. ಕಲ್ಲು ಬೀಸಿದಳು, ಒಂದು ಹಣ್ಣು ಬಿತ್ತು. ಇನ್ನೊಂದು ಕಲ್ಲು, ಇನ್ನೊಂದು ಹಣ್ಣು. ಬೀಸಿದ್ದು ಎಡಗೈಯಿಂದ. ನಾನು ಹೊರಗೆ ಬಂದದ್ದೇ ತಡ, ಆ ಕೈ ಮತ್ತೆ ಬೆನ್ನ ಹಿಂದೆ ಹೋಯಿತು.

“ಯಾಕ ಮುಚ್ಚಿಡ್ತಿ?”

“ದೊಡ್ಡೋರ ಮುಂದ ಇದನ್ನ ಚಾಚಬಾರ್ದಂತ್ರೀ. ಆಯಿ ಆಣಿ ಹಾಕ್ಯಾಳ.”

ಓಡಿ ಹೋಗಿ ಪುಸ್ತಕ ತೆರೆದೆ. ಎರಡನೆಯ ಪುಟದಲ್ಲೇ ಇತ್ತು: ಎರಡೂ ಕೈ ಬಳಸಬಹುದು ಎಂದು ಮಗುವಿಗೆ ತಿಳಿಸಿ. ಇದನ್ನೂ ಹೇಳಿಕೊಡಬೇಕೇ, ಸಿಲ್ಲಿ ಎಂದು ನಾನೇ ಆ ಸಾಲನ್ನು ಬಿಟ್ಟುಬಿಟ್ಟಿದ್ದೆ.

ಪುಸ್ತಕ ಹಿಡಿದು ಹೋಗಿ, ಅವಳಿಗೆ ಇನ್ನೊಮ್ಮೆ ಟೆಸ್ಟ್ ಕೊಡುತ್ತೇನೆ ಎಂದಾಗ ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. “ಒನ್ ಚೈಲ್ಡ್, ಒನ್ ಟೆಸ್ಟ್. ರೂಲ್ ಈಸ್ ರೂಲ್.”

“ನಾನು ಪೂರ್ತಿ ಟೆಸ್ಟ್ ಕೊಡಲೇ ಇಲ್ಲ ಸಿಸ್ಟರ್. ಒಂದು ಸಾಲು ಬಿಟ್ಟೆ.”

“ಎಷ್ಟು ಮಕ್ಕಳಿಗೆ ಬಿಟ್ಟಿದ್ದೀ?”

“ಎಲ್ಲರಿಗೂ.”

ಕೆಲಸ ಹೋಯಿತು ಎಂದುಕೊಂಡೆ. ಸಿಸ್ಟರ್ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಓದಿ, “‘ನಾಟ್ ರೆಡಿ’ ಆದವರನ್ನೆಲ್ಲ ಮತ್ತೆ ಕರೆಸು. ನಾಳೆ ಇವಳಿಂದ ಶುರು, ನಾನೂ ಬಂದು ಕೂರುತ್ತೇನೆ” ಎಂದರು.

ಮರುದಿನ ನಾನು ಆ ಸಾಲನ್ನು ಎರಡು ಸಲ ಹೇಳಿದೆ. ಹುಡುಗಿ ಅಲುಗಾಡಲಿಲ್ಲ; ಬಾಗಿಲ ಕಡೆ ನೋಡಿದಳು. ಅಲ್ಲಿ ಮುದುಕಿ.

“ಎರಡೂ ಕೈ ಬೇಕಂತವ್ವ” ಎಂದೆ.

ಮುದುಕಿ ಸಿಸ್ಟರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಜೋರಾಗಿ, “ತಗೀ ಬೇ ಆ ಕೈ! ಆಣಿ ಬಿಟ್ಟೀನಿ!” ಎಂದಳು.

ಟಕ್, ಟಕ್, ಟಕ್, ಟಕ್. ಚಂದ್ರ, ನಕ್ಷತ್ರ, ಚೌಕ, ಎಲ್ಲ ತಾವಾಗಿಯೇ ಮನೆಗೆ ಓಡಿದವು. ಕೊನೆಯ ತುಂಡು ಕೂತ ಮೇಲೂ ವಾಚು ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಾನು ನಿಲ್ಲಿಸುವುದನ್ನೇ ಮರೆತಿದ್ದೆ!

“ಟೈಮ್ ಎಷ್ಟು, ಮಿಸ್?”

“ಗೊತ್ತಿಲ್ಲ, ಸಿಸ್ಟರ್.”

ಸಿಸ್ಟರ್ ಮಡಿಲಿನಿಂದ ಕೈ ಎತ್ತಿ ತೋರಿಸಿದರು. ಸೆಕೆಂಡಿಗೊಂದರಂತೆ ಜಪಮಾಲೆಯ ಮಣಿ ಎಣಿಸುತ್ತ ಕೂತಿದ್ದರಂತೆ, ಅರ್ಧ ಸುತ್ತೂ ಆಗಿರಲಿಲ್ಲ. “ರೆಡಿ, ಅಂತ ಬರಿ” ಎಂದು ನಕ್ಕುಬಿಟ್ಟರು. ಹೊರಗೆ ಮುದುಕಿ ಅಂಗಳವನ್ನೆಲ್ಲ ಇನ್ನೊಮ್ಮೆ ಗುಡಿಸುತ್ತಿದ್ದಳು, ಗುಡಿಸಿ ಆಗಿದ್ದ ಅಂಗಳವನ್ನೇ.

ಹುಡುಗಿ ನಮ್ಮಲ್ಲೇ ಓದಿ ಹೈಸ್ಕೂಲಿಗೆ ಬಂದಳು, ಎಡಗೈಯಲ್ಲೇ ಬರೆಯುತ್ತ. ಎಂಬತ್ತರ ದಶಕದ ಒಂದು ಸಂಜೆ ಮಾನ್ವಿಗೆ ಹೋಗಲೆಂದು ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿದ್ದೆ. ದೇವದುರ್ಗದ ಬಸ್ಸಿನ ಕಿಟಕಿಯಿಂದ “ಅಕ್ಕೋರೆ!” ಎಂಬ ಕೂಗು. ಮುದುಕಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದಳು. ಮೊಮ್ಮಗಳು ಹಾಸ್ಟೆಲಿನಲ್ಲಿ ಉಳಿದಿದ್ದಳು. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು, ಎಡಗೈಯಲ್ಲಿ ಕುದಿಸಿದ ಶೇಂಗಾದ ಪೊಟ್ಟಣ ನನ್ನ ಕಡೆ ಚಾಚಿದಳು. ಚಾಚಿದ ಮೇಲೆ ಅದು ಯಾವ ಕೈ ಎಂದು ಅವಳಿಗೆ ಹೊಳೆಯಿತು. ಸರ್ರನೆ ಹಿಂದಕ್ಕೆ ಎಳೆದುಕೊಂಡಳು. ನನ್ನ ಮುಖ ನೋಡಿದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಅದೇ ಕೈಯನ್ನು ಮತ್ತೆ ಹೊರಗೆ ಚಾಚಿದಳು.

ಪೊಟ್ಟಣ ಬಿಸಿಯಿತ್ತು. ಬಸ್ಸು ಹೊರಟಿತು. ಗೇಟಿನ ತಿರುವಿನವರೆಗೂ ಆ ಕೈ ಕಿಟಕಿಯ ಹೊರಗೇ ಇತ್ತು, ಬೀಸುತ್ತ. ಆಮೇಲೆ ನಾನು ಅವಳನ್ನು ನೋಡಲಿಲ್ಲ.